ಹದಿನೇಳನೇ ವಯಸ್ಸಿನ ಬಿ.ಪಿ., ಮತ್ತು ಅಪ್ಪ ಕರೆದ ಹಾಲು

ಮೂರನೆಯ ಸಲ ನನ್ನ ತೋಳಿಗೆ ಪಟ್ಟಿ ಸುತ್ತುವ ಹೊತ್ತಿಗೆ ಆ ಡಾಕ್ಟರಮ್ಮ ಮಾತು ನಿಲ್ಲಿಸಿಬಿಟ್ಟಿದ್ದರು. ಅಲ್ಲಿಯವರೆಗೆ ನನ್ನ ಊರು, ಓದು, ಮನೆಯಲ್ಲಿ ಎಷ್ಟು ಜನ ಎಂದೆಲ್ಲ ವಿಚಾರಿಸುತ್ತಿದ್ದವರು ಈಗ ರಬ್ಬರ್ ಬುಗ್ಗೆ ಒತ್ತುತ್ತ ಪಾದರಸದ ಗೆರೆಯನ್ನಷ್ಟೇ ನೋಡುತ್ತಿದ್ದರು. ಪಟ್ಟಿಯ ಗಾಳಿ ಪೂರ್ತಿ ಹೊರಟ ಮೇಲೆ, ‘ನೂರ ನಲವತ್ತೆಂಟು, ತೊಂಬತ್ತಾರು’ ಎಂದು ಪಕ್ಕದ ನರ್ಸಿಗೆ ಹೇಳಿದರು. ಆಕೆ ಬರೆದುಕೊಳ್ಳುವ ಮುಂಚೆ ಒಮ್ಮೆ ನನ್ನ ಮುಖ ನೋಡಿದಳು.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಹದಿನೇಳು. ಬಂಗಾರಪೇಟೆಯಿಂದ ಎರಡು ಮೈಲಿ ದೂರದ ನಮ್ಮ ಹಳ್ಳಿಯಲ್ಲಿ ಪಿಯುಸಿ ಪಾಸಾದ ಮೊದಲ ಹುಡುಗಿ ನಾನು. ಚಿನ್ನದ ಗಣಿಗಳ ಪಕ್ಕದ ಊರಿಗಾಂನ ಕಾಲೇಜಿಗೆ ಡಿಗ್ರಿಗೆಂದು ಸೇರಿ ದಿನವೂ ರೈಲಿನಲ್ಲಿ ಓಡಾಡುತ್ತಿದ್ದರೂ ಮನಸ್ಸೆಲ್ಲ ನರ್ಸಿಂಗ್ ತರಬೇತಿಯ ಮೇಲಿತ್ತು. ಅರ್ಜಿ ಹಾಕಿದ್ದೆ, ಸಂದರ್ಶನ ಮುಗಿದಿತ್ತು, ಆಯ್ಕೆಯಾದವರಲ್ಲಿ ನನ್ನ ಹೆಸರೂ ಇತ್ತು. ಉಳಿದದ್ದು ಈ ಒಂದು ದೇಹ ಪರೀಕ್ಷೆ. ಅದು ಪರೀಕ್ಷೆ ಎಂದೇ ನನಗೆ ಅನಿಸಿರಲಿಲ್ಲ. ಎರಡು ಕೊಡ ನೀರನ್ನು ಒಂದೇ ಸಲಕ್ಕೆ ಹೊರುವ ಹುಡುಗಿಗೆ ಯಾವ ಕಾಯಿಲೆ ಇದ್ದೀತು?

‘ಕಣ್ಣೂ, ನಿನಗೆ ತಲೆನೋವು ಬರುತ್ತಾ?’ ಎಂದರು ಡಾಕ್ಟರಮ್ಮ. ಅವರು ಗಣಿ ಕಡೆಯ ತಮಿಳು ಮನೆತನದವರು. ಯಾವ ಮಕ್ಕಳನ್ನು ಕರೆದರೂ ಕಣ್ಣು ಎಂದೇ ಕರೆಯುತ್ತಿದ್ದರು.

‘ಸಾಯಂಕಾಲ ಒಂದೊಂದ್ಸಲ ಬರುತ್ತೆ ಮೇಡಂ. ಎಲ್ಲರ್ಗೂ ಬರುತ್ತಲ್ಲ?’

‘ಎಲ್ಲರಿಗೂ ಬರಲ್ಲ’ ಎಂದರು.

ಇಷ್ಟು ಸಣ್ಣ ವಯಸ್ಸಿನಲ್ಲಿ ಒತ್ತಡ ಏರಿದರೆ ಮೊದಲು ಮೂತ್ರಪಿಂಡ ಸರಿಯಾಗಿದೆಯೋ ಇಲ್ಲವೋ ನೋಡಬೇಕೆಂದು ಮೂತ್ರ, ರಕ್ತ ಎರಡನ್ನೂ ಪರೀಕ್ಷೆಗೆ ಕಳುಹಿಸಿದರು. ಆಮೇಲೆ ಒಂದು ಕೆಲಸ ಹೇಳಿದರು. ‘ಒಂದು ವಾರ ನಿನ್ನ ಬಾಯಿಗೆ ಹೋದದ್ದೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರಿ. ಮಲಗಿದ ಹೊತ್ತು, ಎದ್ದ ಹೊತ್ತು ಬರಿ. ಸುಳ್ಳು ಮಾತ್ರ ಬರೀಬೇಡ. ನಾನೇನು ಬೈಯಲ್ಲ.’

ಬಾಗಿಲ ಹೊರಗೆ ಬೆಂಚಿನ ಮೇಲೆ ಅಮ್ಮ ಕೂತಿದ್ದಳು. ವಿಷಯ ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಊರಿಗಾಂ ಸ್ಟೇಷನ್ನಿಗೆ ನಡೆಯುವ ದಾರಿಯುದ್ದಕ್ಕೂ ಒಂದೇ ಮಾತು. ‘ಯಾರ್ಗೂ ಏಳ್ಬ್ಯಾಡ. ನಿಮ್ಮಪ್ಪಂಗೂ ಏಳ್ಬ್ಯಾಡ. ಈ ವಯಸ್ಗೇ ಬಿಪಿ ಅಂದ್ರೆ ನಾಳೆ ಯಾವ ಮನೆಯೋರು ಎಣ್ಣು ಕೇಳ್ಕಂಡು ಬತ್ತಾರೆ? ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ ಏಳು, ಸಾಕು.’

ಹಾಗೇ ಹೇಳಿದೆ. ಅಪ್ಪ ನಂಬಿದ.

ಆ ವಾರ ನೋಟ್‌ಬುಕ್ ಬರೆಯುತ್ತ ಹೋದಂತೆ ನನಗೇ ಆಶ್ಚರ್ಯವಾಗತೊಡಗಿತು. ನಾನು ಎಷ್ಟು ಹೊತ್ತಿಗೆ ಏಳುತ್ತೇನೆ ಎಂಬುದನ್ನು ಅದಕ್ಕೂ ಮುಂಚೆ ಎಂದೂ ಲೆಕ್ಕಕ್ಕೆ ತೆಗೆದುಕೊಂಡವಳಲ್ಲ. ನಮ್ಮ ಮನೆಯಲ್ಲಿ ಒಂದು ಎಮ್ಮೆ, ಒಂದು ಸೀಮೆಹಸು ಇದ್ದವು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದ ಮೇಲೆ ಅಮ್ಮನಿಗೆ ಕೆಚ್ಚಲು ಹಿಡಿದು ಒತ್ತಲು ಆಗುತ್ತಿರಲಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಹಾಲು ಕರೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಊರಿನ ಡೈರಿಗೆ ಹಾಲಿನ ಗಾಡಿ ಬರುವಷ್ಟರಲ್ಲಿ ಕೊಟ್ಟಿಗೆ ಬಾಚಿ, ಬೂಸಾ ಕಲಸಿಟ್ಟು, ಎರಡನ್ನೂ ಕರೆದು ಕ್ಯಾನ್ ಹೊತ್ತು ಸಾಲಿನಲ್ಲಿ ನಿಂತಿರಬೇಕು. ಅದಕ್ಕೆ ಮೂರೂವರೆಗೆ ಏಳುತ್ತಿದ್ದೆ. ಕಾಲೇಜು ಮುಗಿಸಿ ಬಂದು, ಮತ್ತೆ ಕರೆದು, ಎಲ್ಲರ ಊಟವಾಗಿ ಪಾತ್ರೆ ತೊಳೆದ ಮೇಲೆ ಪುಸ್ತಕ ಹಿಡಿದರೆ ಹನ್ನೊಂದಾಗುತ್ತಿತ್ತು. ನಿದ್ದೆ ಬಂದರೆ ಕರಿ ಟೀ ಕುಡಿಯುತ್ತಿದ್ದೆ.

ಇದರಲ್ಲಿ ನನಗೆ ದೊಡ್ಡ ಹೆಮ್ಮೆಯಿತ್ತು. ‘ಕೋಳಿಗಿಂತ ಮುಂಚೆ ಏಳೋ ಉಡ್ಗಿ’ ಎಂದು ಡೈರಿಯ ಸಾಲಿನಲ್ಲಿ ಹೆಂಗಸರು ನನ್ನನ್ನು ತಮ್ಮ ಮಕ್ಕಳಿಗೆ ತೋರಿಸುತ್ತಿದ್ದರು. ಕಡಿಮೆ ಮಲಗುವುದೇ ಶ್ರದ್ಧೆ ಎಂದು ನಾನೂ ನಂಬಿಕೊಂಡಿದ್ದೆ.

ಇನ್ನು ಊಟ. ಬೆಳಿಗ್ಗೆ ತಂಗಳನ್ನಕ್ಕೆ ಮಜ್ಜಿಗೆ, ಉಪ್ಪು, ಜೊತೆಗೆ ಅಜ್ಜಿಯ ಮಜ್ಜಿಗೆ ಮೆಣಸಿನಕಾಯಿ ಎರಡು. ಮಧ್ಯಾಹ್ನದ ಡಬ್ಬಿಯಲ್ಲಿ ರೊಟ್ಟಿ, ಮಾವಿನ ಉಪ್ಪಿನಕಾಯಿ. ರೈಲಿನಲ್ಲಿ ಉಪ್ಪು ಹಾಕಿ ಹುರಿದ ಕಡಲೆಕಾಯಿ ಬೀಜ. ರಾತ್ರಿ ಮುದ್ದೆ, ಉಪ್ಸಾರು, ಮತ್ತೆ ಎರಡು ಮೆಣಸಿನಕಾಯಿ, ಒಂದು ಸಂಡಿಗೆ. ಅಜ್ಜಿ ಎಂದರೆ ಅಪ್ಪನ ತಾಯಿ. ಮನೆಯ ಅಡುಗೆ ಅವಳದೇ. ಅವಳ ಮಜ್ಜಿಗೆ ಮೆಣಸಿನಕಾಯಿಗೆ ನಾಲ್ಕು ಊರಿನಲ್ಲಿ ಹೆಸರಿತ್ತು. ಗಣಿಯಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ತಮಿಳರು ಕೂಡ ಅವನ ಡಬ್ಬಿಗೆ ಕೈ ಹಾಕಿ ಮೊದಲು ಅದನ್ನೇ ಹುಡುಕುತ್ತಿದ್ದರಂತೆ.

ವಾರದ ನಂತರ ಡಾಕ್ಟರಮ್ಮ ನೋಟ್‌ಬುಕ್ ತೆರೆದು ಕೆಂಪು ಪೆನ್ನಿನಿಂದ ಗೆರೆ ಎಳೆಯುತ್ತ ಹೋದರು. ಮೂತ್ರಪಿಂಡದಲ್ಲಿ ದೋಷವಿರಲಿಲ್ಲ. ಒತ್ತಡ ಮಾತ್ರ ಹಾಗೇ ಇತ್ತು.

‘ಮಾತ್ರೆ ಈಗಲೇ ಬೇಡ’ ಎಂದರು. ‘ಮುದ್ದೆ ತಿನ್ನು, ಸೊಪ್ಪು ತಿನ್ನು, ಪರಂಗಿ, ಬಾಳೆಹಣ್ಣು ತಿನ್ನು. ಆದ್ರೆ ಈ ಉಪ್ಪು ಇದೆ ನೋಡು, ಒಂದು ದಿನದಲ್ಲಿ ಎಷ್ಟು ದಾರಿಯಿಂದ ಒಳಗೆ ಬರ್ತಾ ಇದೆ! ಅದನ್ನ ನಿಲ್ಲಿಸು. ಅದಕ್ಕಿಂತ ಮುಖ್ಯ ಇದು.’ ಮೂರೂವರೆ ಎಂದು ಬರೆದಿದ್ದ ಕಡೆಗಳಲ್ಲೆಲ್ಲ ಅವರ ಪೆನ್ನು ಸುತ್ತು ಹಾಕಿತ್ತು. ‘ನಿದ್ದೆಯಲ್ಲೇ, ಕಣ್ಣೂ, ಒತ್ತಡ ಕೆಳಗಿಳಿಯೋದು. ನಿನ್ನ ವಯಸ್ಸಿಗೆ ಎಂಟು ಗಂಟೆ ನಿದ್ದೆ ಬೇಕು. ನೀನು ಅದಕ್ಕೆ ಇಳಿಯೋಕೆ ಬಿಡ್ತಾನೇ ಇಲ್ಲ.’

ತರಬೇತಿ ಶುರುವಾಗಲು ಮೂರು ತಿಂಗಳಿತ್ತು. ಅಷ್ಟರೊಳಗೆ ಒತ್ತಡ ಇಳಿದರೆ ಸರ್ಟಿಫಿಕೇಟು. ಇಲ್ಲದಿದ್ದರೆ ಇಲ್ಲ.

ಉಪ್ಪು ಬಿಡುವುದು ನನ್ನ ಕೈಯಲ್ಲಿತ್ತು, ಹಾಗಾಗಿ ಅದನ್ನು ಗುಟ್ಟಾಗಿ ಶುರು ಮಾಡಿದೆ. ಅಜ್ಜಿ ತಟ್ಟೆಗೆ ಹಾಕಿದ ಮೆಣಸಿನಕಾಯಿಯನ್ನು ಮುದ್ದೆಯ ಮರೆಯಲ್ಲಿ ಉಳಿಸಿ ಕೊಟ್ಟಿಗೆಯ ಹಿಂದೆ ಎಸೆದು ಬರುತ್ತಿದ್ದೆ. ಐದನೆಯ ದಿನ ಕಸ ಬಾಚಲು ಹೋದ ಅಜ್ಜಿಗೆ ಅವು ಸಿಕ್ಕಿದವು. ಅಂದು ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ಅವಳು ಎಂಟು ಮೆಣಸಿನಕಾಯಿಗಳನ್ನು ತಂದು ನನ್ನ ತಟ್ಟೆಯ ಮುಂದೆ ಸಾಲಾಗಿ ಇಟ್ಟಳು.

‘ಕಾಲೇಜ್ಗೆ ಓದ್ಮೇಲೆ ನನ್ ಕೈ ಅಡ್ಗೆ ಬ್ಯಾಡ್ವಾಯ್ತಾ ಮಗಾ?’ ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳು ಸೆರಗಿನ ತುದಿಯಿಂದ ಒಂದೊಂದೇ ಮೆಣಸಿನಕಾಯಿಯ ಮಣ್ಣು ಒರೆಸತೊಡಗಿದಳು.

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ತಲೆ ತಗ್ಗಿಸಿದಳು. ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ.

ಅಪ್ಪ ಊರಿಗಾಂ ಪಕ್ಕದ ನಂದಿದುರ್ಗ ಎಂಬ ಗಣಿಯಲ್ಲಿ ನೆಲದಡಿ ಬಂಡೆ ಕುಸಿಯದಂತೆ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದ. ಅವನು ಕೈ ತೊಳೆದುಕೊಂಡು ಬಂದು, ‘ಆ ಬುಕ್ ತಗಂಬಾ’ ಎಂದ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಓದುತ್ತಿದ್ದ. ಬಲ್ಬಿನ ಕೆಳಗೆ ಕೂತು ನನ್ನ ಏಳು ದಿನಗಳನ್ನು ಓದಲು ಅವನಿಗೆ ಬಹಳ ಹೊತ್ತು ಬೇಕಾಯಿತು. ನಾವು ಮೂವರು ಹೆಂಗಸರು ಊಟ ಬಿಟ್ಟು ಅವನ ಬೆರಳನ್ನೇ ನೋಡುತ್ತಿದ್ದೆವು.

‘ಇದ್ಯಾಕೆ ನನ್ಗೆ ಏಳ್ಲಿಲ್ಲ?’ ಎಂದು ಅಮ್ಮನನ್ನು ಕೇಳಿದ. ‘ಕಳ್ತನ ಮಾಡವ್ಳಾ ನನ್ ಮಗ್ಳು, ಮುಚ್ಚಿಡಾಕೆ?’

ಅಮ್ಮ ಮದುವೆಯ ಮಾತು ತೆಗೆದಳು. ಅಪ್ಪ ಕೈ ಎತ್ತಿ ತಡೆದ. ‘ಗಣೀಲಿ ನಿದ್ದೆಗೆಟ್ಟು ಬಂದೋನ್ ಕೈಗೆ ನಾವು ಕೊಡ್ಲಿ ಕೊಡಲ್ಲ. ಓಗ್ ಮಲಿಕ್ಕ, ನಾಳೆ ಬಾ ಅಂತ ಮ್ಯಾಲಕ್ಕೆ ಕಳುಸ್ತೀವಿ. ಯಾಕೇಂದ್ರೆ ಅವ್ನ್ ಕಟ್ಟಿದ್ ಮರದ್ ಕೆಳ್ಗೆ ನಮ್ ತಲೆ ಇರ್ತದೆ. ಇಲ್ಲಿ ನನ್ ಮನೇಲಿ ಐದ್ ವರ್ಷದಿಂದ ಒಂದ್ ಮಗೀಗೆ ನಿದ್ದಿಲ್ಲ, ನಾನು ನೋಡ್ಲೇ ಇಲ್ಲ.’

ನೋಟ್‌ಬುಕ್ ಮುಚ್ಚಿ ನನ್ನ ಕೈಗಿಟ್ಟು ಹೇಳಿದ: ‘ನಾಳೆಯಿಂದ ಆಲು ನಾನ್ ಕರೀತೀನಿ.’

ಅಪ್ಪ ಹುಟ್ಟಿದ ಮೇಲೆ ಒಂದು ಹನಿ ಹಾಲು ಕರೆದವನಲ್ಲ. ನಮ್ಮ ಕಡೆ ಗಂಡಸರು ಹೊಲ ಉಳುತ್ತಿದ್ದರು, ಗಣಿಗೆ ಇಳಿಯುತ್ತಿದ್ದರು, ದನ ಮಾರಲು ಸಂತೆಗೆ ಹೋಗುತ್ತಿದ್ದರು. ಕೆಚ್ಚಲಿಗೆ ಕೈ ಹಾಕುವುದು ಮಾತ್ರ ಹೆಂಗಸರ ಕೆಲಸ. ಮರುದಿನ ಮುಂಜಾನೆ ಎಮ್ಮೆ ಅವನ ವಾಸನೆ ಹಿಡಿದು ಚೊಂಬನ್ನು ಒದ್ದು ಉರುಳಿಸಿತು. ಎದ್ದು ಹೋಗಬೇಕೆಂದರೆ ಅಮ್ಮ ನನ್ನ ಕೈ ಹಿಡಿದುಕೊಂಡಳು. ‘ಓಗ್ಬ್ಯಾಡ. ನೀನ್ ಓದ್ರೆ ಅವ್ರಿಗೆ ಅವಮಾನ ಆಯ್ತದೆ. ಮಲಿಕ್ಕ.’

ಒಂದು ವಾರ ಹಾಸಿಗೆಯಲ್ಲಿ ಬರೀ ಕಣ್ಣು ಮುಚ್ಚಿಕೊಂಡು ಬಿದ್ದಿದ್ದೆ. ಮೂರೂವರೆಗೆ ಮೈ ತಾನಾಗಿ ಎಚ್ಚರವಾಗುತ್ತಿತ್ತು. ಅಪ್ಪ ಕೊಟ್ಟಿಗೆಯಲ್ಲಿ ಎಮ್ಮೆಯನ್ನು ಪುಸಲಾಯಿಸುವುದು ಕೇಳುತ್ತಿತ್ತು. ‘ಒಸಿ ನಿಂತ್ಕಳವ್ವಾ, ಮಗಳು ಮಲಗವ್ಳೆ, ಸದ್ದು ಮಾಡ್ಬ್ಯಾಡ.’ ಅವನ ನಿದ್ದೆಯನ್ನು ನಾನು ಕಸಿದುಕೊಂಡೆನಲ್ಲ ಎಂದು ಸಂಕಟವಾಗುತ್ತಿತ್ತು. ಆದರೆ ಅಪ್ಪ ಲೆಕ್ಕ ತಪ್ಪುವವನಲ್ಲ. ಸಂಜೆ ಟೀ ಅಂಗಡಿಯ ಮುಂದೆ ರೇಡಿಯೋ ಕೇಳುತ್ತ ಕೂರುವುದನ್ನು ಬಿಟ್ಟ. ಎಂಟು ಗಂಟೆಗೆ ಊಟ, ಒಂಬತ್ತಕ್ಕೆ ಮನೆಯ ಒಂದೇ ಬಲ್ಬು ಆರಿಸಬೇಕು ಎಂದು ನಿಯಮ ಮಾಡಿದ. ಅವನೂ ಮಲಗಿದ, ಎಲ್ಲರನ್ನೂ ಮಲಗಿಸಿದ. ನನ್ನ ಓದು ರೈಲಿಗೂ ಕಾಲೇಜಿನ ಲೈಬ್ರರಿಗೂ ವರ್ಗವಾಯಿತು. ಎರಡನೆಯ ವಾರ ಒಂದು ದಿನ ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ಹೆದರಿ ಎದ್ದು ಕೂತೆ. ಅಜ್ಜಿ ಒಲೆಯ ಮುಂದಿನಿಂದಲೇ, ‘ಏನೂ ಮುಳುಗೋಗಿಲ್ಲ, ಮಕ ತೊಳ್ಕ’ ಎಂದಳು.

ಹೊರಗೆ ಮಾತ್ರ ಅಪ್ಪನಿಗೆ ಸುಲಭವಿರಲಿಲ್ಲ. ಡೈರಿಯ ಸಾಲಿನಲ್ಲಿ ಹೆಂಗಸರ ನಡುವೆ ಕ್ಯಾನ್ ಹಿಡಿದು ನಿಂತ ಗಣಿ ಕೆಲಸಗಾರನನ್ನು ಊರೇ ನೋಡಿ ನಕ್ಕಿತು. ಹಾಲು ಅಳೆಯುವವನು ಎಲ್ಲರಿಗೂ ಕೇಳುವಂತೆ, ‘ಏನಣ್ಣಾ, ಮಗಳ್ನ ಮಲಗ್ಸಿ ನೀನ್ ಆಲು ಕರೀತಿದ್ದೀಯಂತೆ? ಮಾರಾಣಿನಾ ಅವ್ಳು?’ ಎಂದನಂತೆ.

ಅದಕ್ಕೆ ಅಪ್ಪ ಕೊಟ್ಟ ಉತ್ತರವನ್ನು ಅದೇ ಸಾಲಿನಲ್ಲಿದ್ದ ಪಕ್ಕದ ಮನೆಯಾಕೆ ನಮಗೆ ಬಂದು ಹೇಳಿದಳು. ‘ಊ ಕಣ್ಲಾ, ಮಲಗವ್ಳೆ. ಅವ್ಳಿಗೆ ರಕ್ತದ ಒತ್ತಡ ಐತೆ, ನಿದ್ದೆ ಮಾಡು ಅಂತ ಡಾಕ್ಟ್ರು ಬರ್ದವ್ರೆ. ನಾಳೆ ನೀನು ಆಸ್ಪತ್ರೇಲಿ ಬಿದ್ಕಂಡಾಗ ನಿನ್ ಕೈ ಹಿಡ್ದು ನೋಡೋಳು ಅವ್ಳೇ. ಆಲು ಅಳಿ.’

ಅಮ್ಮ ಅಷ್ಟು ಜೋಪಾನವಾಗಿ ಮುಚ್ಚಿಟ್ಟದ್ದು ಹೀಗೆ ಒಂದೇ ಬೆಳಿಗ್ಗೆ ಊರಿಗೆಲ್ಲ ಗೊತ್ತಾಯಿತು. ಅಮ್ಮ ಅತ್ತಳು. ನಾನು ಮಾತ್ರ ಆ ದಿನ ರೈಲಿನ ಕಿಟಕಿಯ ಪಕ್ಕ ಕೂತು ಕೋರಮಂಡಲ ಸ್ಟೇಷನ್ ದಾಟುವವರೆಗೂ ಒಬ್ಬಳೇ ನಗುತ್ತಿದ್ದೆ.

ಅಜ್ಜಿಯದು ಇನ್ನೊಂದು ಯುದ್ಧ. ನನಗೊಬ್ಬಳಿಗೆ ಬೇರೆ ಸಾರು ಮಾಡುತ್ತೇನೆಂದು ಅಮ್ಮ ಹೇಳಿದಾಗ ಅಜ್ಜಿ ಒಪ್ಪಲಿಲ್ಲ. ‘ಒಂದ್ ಮನೇಲಿ ಎರಡ್ ಮಡ್ಕೆ ಇಡಾಕಿಲ್ಲ. ತಿಂದ್ರೆ ಎಲ್ಲಾರೂ ಅದ್ನೇ ತಿನ್ಲಿ.’ ಹಾಗಂತ ಅವಳಿಗೆ ನಂಬಿಕೆ ಬಂದಿತ್ತೆಂದಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ದಿನಕ್ಕೆ ಹತ್ತು ಸಲ ಹೇಳುತ್ತಲೇ ಉಪ್ಪು ಹಾಕುವ ಕೈಯನ್ನು ಬಿಗಿ ಹಿಡಿದಳು. ಮೊದಲ ದಿನಗಳ ಊಟ ನೆನೆದರೆ ಈಗಲೂ ನಾಲಿಗೆ ಸಪ್ಪೆಯಾಗುತ್ತದೆ. ಅಪ್ಪ ತಟ್ಟೆಗೆ ತಲೆ ತಗ್ಗಿಸಿ ನುಂಗಿ ಏಳುತ್ತಿದ್ದ.

ಉಪ್ಪಿಲ್ಲದೆ ಮಜ್ಜಿಗೆ ಮೆಣಸಿನಕಾಯಿ ಮಾಡಿಯೇ ತೀರುತ್ತೇನೆಂದು ಅಜ್ಜಿ ಹಟ ಹಿಡಿದಳು. ಹುಳಿ ಮಜ್ಜಿಗೆಯಲ್ಲಿ ನೆನೆಸಿ ಚಾಪೆಯ ಮೇಲೆ ಒಣಗಿಸಿದಳು. ಮೂರೇ ದಿನಕ್ಕೆ ಅವುಗಳ ಮೇಲೆ ಬೂದಿ ಬಣ್ಣದ ಬೂಷ್ಟು ಎದ್ದಿತು. ಅರವತ್ತು ವರ್ಷದಲ್ಲಿ ಅವಳ ಕೈಯಲ್ಲಿ ಕೆಟ್ಟ ಮೊದಲ ಪದಾರ್ಥ ಅದು. ಮೊರಕ್ಕೆ ಸುರಿದುಕೊಂಡು ತಿಪ್ಪೆಗೆ ಚೆಲ್ಲಿ ಬಂದು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ.

ಮೂರನೆಯ ದಿನ ಹೊಲದ ಬದುವಿನಿಂದ ಮಡಿಲ ತುಂಬ ಸೊಪ್ಪು ಕಿತ್ತು ತಂದಳು. ನುಗ್ಗೆಸೊಪ್ಪಿಗೆ ಹುರಿದ ಕಡಲೆಬೀಜದ ಪುಡಿ, ಬೇಯಿಸಿದ ಹುರುಳಿಗೆ ಸುಟ್ಟ ಬೆಳ್ಳುಳ್ಳಿ ಮತ್ತು ನಿಂಬೆಹುಳಿ, ಒಣಮೆಣಸಿನಕಾಯಿಯನ್ನು ಕೆಂಡದಲ್ಲಿ ಸುಟ್ಟು ಹುಣಸೆಯ ಜೊತೆ ಅರೆದ ಚಟ್ನಿ. ಉಪ್ಪು ಇದ್ದೂ ಇಲ್ಲದಂತೆ. ಆ ಚಟ್ನಿಯನ್ನು ಮುದ್ದೆಗೆ ಅದ್ದಿ ಬಾಯಿಗಿಟ್ಟಾಗ ಅಪ್ಪ ಮೊದಲ ಬಾರಿಗೆ ತಲೆ ಎತ್ತಿ, ‘ಇದೇನವ್ವಾ ಇದು? ಇನ್ನೊಂದ್ ಚೂರ್ ಆಕು’ ಎಂದ. ಅಜ್ಜಿ ಬಡಿಸುತ್ತ ನನ್ನನ್ನೇ ನೋಡಿದಳು. ಅಷ್ಟು ಸೊಕ್ಕಿನ ಮುಖವನ್ನು ನಾನು ಮತ್ತೆ ನೋಡಿಲ್ಲ.

ಒಂದೂವರೆ ತಿಂಗಳಿಗೆ ಮತ್ತೆ ಆಸ್ಪತ್ರೆಗೆ ಹೋದಾಗ ಒತ್ತಡ ನೂರ ಮೂವತ್ತೆಂಟಕ್ಕೆ ಬಂದಿತ್ತು. ಇಳಿದಿದೆ, ಸಾಲದು ಎಂದರು ಡಾಕ್ಟರಮ್ಮ. ಮನೆಗೆ ಬಂದು ಹೇಳಿದರೆ ಅಜ್ಜಿ ಕೆರಳಿದಳು. ‘ಇಷ್ಟ್ ಮಾಡಿದ್ರೂ ಸಾಲ್ದಾ? ಆ ಮಿಷಿನ್ನೇ ಸರಿಗಿಲ್ಲ!’

ಮಿಷಿನ್ನು ಸರಿಯಾಗಿಯೇ ಇತ್ತು. ಸರಿಯಿಲ್ಲದವಳು ನಾನು. ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಗೆಳತಿಯರ ಜೊತೆ ಮಸಾಲೆಪುರಿ, ರೈಲಿನಲ್ಲಿ ಉಪ್ಪು ಕಡಲೆಬೀಜ ನಡೆದೇ ಇದ್ದವು. ಮನೆಯಲ್ಲಿ ಅಷ್ಟು ಸಪ್ಪೆ ತಿನ್ನುತ್ತೇನಲ್ಲ, ಇದೊಂದಿಷ್ಟು ಏನಾದೀತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಜ್ಜಿಯ ಕೋಪ ನೋಡಿದ ಮೇಲೆ ನಾಚಿಕೆಯಾಯಿತು. ಅವಳ ಪಕ್ಕ ಕೂತು ನಿಜ ಹೇಳಿದೆ. ಅವಳು ಬೈಯಲಿಲ್ಲ. ಮರುದಿನದಿಂದ ಒಂದು ಸಣ್ಣ ಬಟ್ಟೆಗಂಟಿನಲ್ಲಿ ಉಪ್ಪಿಲ್ಲದೆ ಹುರಿದ ಕಡಲೆಬೀಜ, ಒಂದು ಚೂರು ಬೆಲ್ಲ ಕಟ್ಟಿಕೊಟ್ಟಳು. ‘ಗೆಣೆಕಾರ್ತೀರ್ಗೂ ಕೊಡು’ ಎಂದಳು. ಕೊಟ್ಟೆ. ಮುಖ ಸಿಂಡರಿಸಿದರು, ತಿಂದರು, ಒಂದು ವಾರ ಕಳೆದ ಮೇಲೆ ತಾವಾಗಿಯೇ ಕೇಳಿದರು.

ಆಮೇಲೆ ಎಷ್ಟೋ ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ಕೆಲಸ ಮಾಡಿದೆ. ತೊಂಬತ್ತರ ದಶಕದಲ್ಲಿ ಚಾಂಪಿಯನ್ ರೀಫ್ಸ್ ಗಣಿಯ ಕಡೆಯ ಕಾರ್ಮಿಕರ ಮನೆಗಳಿಗೆ ಹೋಗಿ ಮಕ್ಕಳನ್ನು ನೋಡುವ ಕೆಲಸವೂ ಸಿಕ್ಕಿತು. ಹದಿನೈದು ಹದಿನಾರರ ಮಕ್ಕಳಿಗೆ ಪಟ್ಟಿ ಸುತ್ತಿದಾಗಲೆಲ್ಲ ಏನು ತಿಂದೆ ಎನ್ನುವುದಕ್ಕಿಂತ ಮುಂಚೆ ಎಷ್ಟು ಹೊತ್ತು ಮಲಗಿದೆ ಎಂದು ಕೇಳುತ್ತಿದ್ದೆ. ಮಗುವಿನ ನಿದ್ದೆ ಆ ಮಗುವೊಂದರ ಕೈಯಲ್ಲಿ ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ಯಾರಾದರೂ ಅದಕ್ಕೆ ಜಾಗ ಬಿಟ್ಟುಕೊಡಬೇಕು. ಎಲ್ಲ ಮನೆಗಳಲ್ಲೂ ಹಾಗೆ ಬಿಟ್ಟುಕೊಡುವವರು ಇರಲಿಲ್ಲ.

ಆ ವರ್ಷ ಡಾಕ್ಟರಮ್ಮನ ಮೂರು ತಿಂಗಳ ಗಡುವು ಮುಗಿದ ದಿನ ಅಪ್ಪ ಗಣಿಗೆ ರಜೆ ಹಾಕಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನನ್ನ ಜೊತೆ ಹೊರಟ. ಅಜ್ಜಿಯೂ ಬಂದಳು. ಡಾಕ್ಟರು ಏನನ್ನುತ್ತಾರೋ ತನ್ನ ಕಿವಿಯಾರೆ ಕೇಳಬೇಕಂತೆ. ಡಾಕ್ಟರಮ್ಮ ನನ್ನನ್ನು ಹದಿನೈದು ನಿಮಿಷ ಸುಮ್ಮನೆ ಕೂರಿಸಿ ಪಟ್ಟಿ ಸುತ್ತಿದರು. ಅಪ್ಪ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದ. ಒಂದು ಸಲ ನೋಡಿದರು, ಇನ್ನೊಂದು ತೋಳಿಗೂ ಸುತ್ತಿ ನೋಡಿದರು.

‘ನೂರ ಇಪ್ಪತ್ತೆರಡು, ಎಪ್ಪತ್ತೆಂಟು’ ಎಂದು ನಕ್ಕರು. ‘ಏನು ಮಾಡಿದಿರಿ ನೀವೆಲ್ಲ ಸೇರ್ಕೊಂಡು?’

ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯೇ ಮುಂದೆ ಬಂದು, ‘ನನ್ ಮಗ ಆಲು ಕರ್ದ, ನಾನು ಉಪ್ಪು ಬಿಟ್ಟೆ’ ಎಂದಳು. ಆಮೇಲೆ ತನ್ನ ಸಣಕಲು ತೋಳನ್ನು ಮೇಜಿನ ಮೇಲೆ ಚಾಚಿ, ‘ಇದ್ನ ನನ್ಗೂ ಒಸಿ ಕಟ್ಟವ್ವಾ, ಎಂಗಿರ್ತದೋ ನೋಡಾನ’ ಎಂದಳು. ಡಾಕ್ಟರಮ್ಮ ಕಟ್ಟಿದರು. ಪಟ್ಟಿ ಬಿಗಿಯುತ್ತಿದ್ದಂತೆ ಅಜ್ಜಿ ಕಣ್ಣು ಮುಚ್ಚಿ ದೇವರ ಹೆಸರು ಹೇಳಿದಳು.

ಸರ್ಟಿಫಿಕೇಟನ್ನು ಅಪ್ಪ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಬಂಗಾರಪೇಟೆಯ ರೈಲು ಹತ್ತಿದೆವು. ಎದುರು ಸೀಟಿನಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬರು ವಯಸ್ಸಾದವರು ಎಲ್ಲಿಗೆ ಹೋಗಿದ್ದಿರಿ ಎಂದು ತೆಲುಗು ಬೆರೆಸಿದ ಕನ್ನಡದಲ್ಲಿ ವಿಚಾರಿಸಿದರು. ಅಪ್ಪ ಅದಕ್ಕಾಗಿಯೇ ಕಾಯುತ್ತಿದ್ದವನಂತೆ ನನ್ನ ಕಡೆ ಕೈ ತೋರಿಸಿದ.

‘ನನ್ ಮಗ್ಳು. ಪರೀಕ್ಷೆ ಇತ್ತು. ನೂರ ಇಪ್ಪತ್ತೆರಡು ತಗಂಡವ್ಳೆ.’

‘ಶಭಾಷ್’ ಎಂದರು ಅವರು. ‘ಎಷ್ಟಕ್ಕೆ?’

ಅಪ್ಪ ಒಂದು ಕ್ಷಣ ಯೋಚಿಸಿದ. ‘ಎಪ್ಪತ್ತೆಂಟಕ್ಕೆ’ ಎಂದ.

ಆ ಹಿರಿಯರು ಅಪ್ಪನನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು. ಏನೂ ಹೊಳೆಯದೆ ಕೊನೆಗೆ ಬುಟ್ಟಿಯಿಂದ ಒಂದು ಎಳೆ ಸೌತೆಕಾಯಿ ತೆಗೆದು ನನ್ನ ಕೈಗೆ ಕೊಟ್ಟರು.